ಬಾವಿ ದಂಡೆಯ ಹುಣಸೆ ಬೊಡ್ಡೆ ಸೀಳಬೇಡಿ

ಯೊಯೆನ್ಸೂ, ಫಿನ್ಲೆಂಡ್
ಏಪ್ರಿಲ್ 16

ಅಪ್ಪಾ, ಅವ್ವಾ,

ನಿಮ್ಮಿಬ್ಬರಿಗೂ ನಮಸ್ಕಾರ. ಇಲ್ಲಿ ನಾನು ಆರಾಮ. ಅಲ್ಲಿ ನೀವೆಲ್ಲ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ಬಾವಿ ದಂಡೆಯ ಹುಣಸೆಮರ ಗಾಳಿಗೆ ಬಿತ್ತು ಅಂತ ಮೊನ್ನೆ ತಮ್ಮ ಹೇಳಿದ. ಕೇಳಿ ನನಗೆ ಮಾತೇ ಹೊರಡಲಿಲ್ಲ. ಅಜ್ಜ ನೆಟ್ಟ ಮರ. ನಮ್ಮ ಕುಷ್ಟಗಿ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಿಂದ ಮನೆಯ ಸಾರಿಗೆ ಅದರದೇ ಹಣ್ಣು. ಹೊಲದಲ್ಲಿ ಬುತ್ತಿ ಬಿಚ್ಚುತ್ತಿದ್ದದ್ದೂ ಅದರ ನೆರಳಲ್ಲೇ. ನಿನ್ನೆ ಅವನು ಮತ್ತೆ ಫೋನ್ ಮಾಡಿ, ‘ಅಪ್ಪ ಕೊಡ್ಲಿ ಮಸಿಯಾಕ ಹತ್ಯಾರ. ಬೊಡ್ಡೀನ ತಾವ ಸೀಳ್ತಾರಂತ’ ಅಂದ. ನಿಮ್ಮ ಬಲಭುಜ ನೆನಪಾಗಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀವು ‘ಆತು ಬಿಡು’ ಅಂತೀರಿ. ಅಷ್ಟರಲ್ಲಿ ಅವ್ವ ‘ಉಂಡೇನ ಇಲ್ಲೋ’ ಅಂತ ಫೋನ್ ತಗೊಳ್ಳುತ್ತಾಳೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಟಪಾಲಿಗೆ ಹಾಕಿದರೆ ತಡವಾಗುತ್ತದೆ, ಫೋಟೊ ತೆಗೆದು ತಮ್ಮನ ವಾಟ್ಸಾಪಿಗೂ ಕಳಿಸುತ್ತೇನೆ, ಅವನು ಓದಿ ಹೇಳಲಿ. ಪೂರ್ತಿ ಕೇಳುವವರೆಗೆ ಬೊಡ್ಡೆಗೆ ಕೊಡಲಿ ಹಾಕಬೇಡಿ.

ಈ ಒಂದು ವರ್ಷದಲ್ಲಿ ನಾನು ಓದಿದ್ದಕ್ಕಿಂತ ಜಾಸ್ತಿ ಕಟ್ಟಿಗೆ ಸೀಳಿದ್ದೇನೆ. ನಾನಿರುವ ಮನೆ ಊರ ಹೊರಗೆ, ಸುತ್ತ ಬರೀ ಕಾಡು. ಮನೆಯ ಒಡೆಯರಿಗೆ ಎಪ್ಪತ್ತೆಂಟು ವರ್ಷ, ಪಕ್ಕದ ಮನೆಯಲ್ಲೇ ಇರುತ್ತಾರೆ. ಬಾಡಿಗೆ ಕಡಿಮೆ. ಅದರ ಬದಲಿಗೆ ಎರಡೂ ಮನೆಯ ಕಟ್ಟಿಗೆ ನಾನು ಸೀಳಿ ಒಟ್ಟಬೇಕು. ಇಲ್ಲಿ ಒಲೆ ಅಂದರೆ ಅಡುಗೆಯದ್ದಲ್ಲ. ಮನೆಯ ನಡುವೆ ಆಳೆತ್ತರದ ಇಟ್ಟಿಗೆಯ ಗೂಡು. ಸಂಜೆ ಎರಡು ತಾಸು ಉರಿ ಹಾಕಿದರೆ ಇಟ್ಟಿಗೆ ಕಾದು, ಮರುದಿನದವರೆಗೂ ಕಾವು ಬಿಡುತ್ತಾ ಇರುತ್ತದೆ. ಹೊರಗೆ ಮೈನಸ್ 20 ಇದ್ದಾಗ ಅದಕ್ಕೆ ಬೆನ್ನು ಕೊಟ್ಟು ಕೂತರೆ ಅವ್ವನ ಒಲೆಯ ಮುಂದೆ ಕೂತ ಹಾಗೇ ಇರುತ್ತದೆ.

ಇಲ್ಲಿ ಜಾಸ್ತಿ ಉರಿಸುವುದು ಬರ್ಚ್ ಅನ್ನುವ ಬಿಳಿ ತೊಗಟೆಯ ಮರ. ಹಿಂದಿನವರು ಬರೆಯುತ್ತಿದ್ದ ಭೂರ್ಜಪತ್ರ ಇದೆಯಲ್ಲ, ಅದೇ ಜಾತಿಯದು. ತೊಗಟೆಯಲ್ಲಿ ಎಣ್ಣೆಯಂಶ ಇರುವುದರಿಂದ ತೊಯ್ದಿದ್ದರೂ ಒಂದೇ ಕಡ್ಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯ ಮಾತೇ ಇಲ್ಲ.

ಹೋದ ವರ್ಷ ಮೊದಲ ದಿನ ಒಡೆಯರು ಒಂದು ದೊಡ್ಡ ಬರ್ಚಿನ ಬೊಡ್ಡೆ ತೋರಿಸಿದರು. ಮಷೀನಿನಿಂದ ಅದನ್ನು 33 ಸೆಂಟಿಮೀಟರಿನ ತುಂಡು ಮಾಡಿ ಇಟ್ಟಿದ್ದರು. ಇಲ್ಲಿಯ ಒಲೆಗೆ ಅದೇ ಅಳತೆ. ಉದ್ದ ಅಷ್ಟೇ, ಆದರೆ ಅಗಲ 60 ಸೆಂಟಿಮೀಟರ್. ಹಸಿ ಮರದ ತೂಕದಲ್ಲಿ ಅರ್ಧದ ಹತ್ತಿರ ಬರೀ ನೀರೇ ಇರುತ್ತದೆ, ಒಂದೊಂದು ತುಂಡು 80 ಕಿಲೋ ಮೇಲೆ. ಒಂದು ಚೀಲ ಜೋಳಕ್ಕೆ ಸ್ವಲ್ಪ ಕಡಿಮೆ. ನಾನು ಕೊಡಲಿ ಎತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಂಡಿನ ನಟ್ಟನಡುವೆ ಹೊಡೆದೆ. ಕೊಡಲಿ ಕಚ್ಚಿಕೊಂಡಿತು. ಕಿತ್ತು ಮತ್ತೆ ಹೊಡೆದೆ. ನಾಲ್ಕನೇ ಏಟಿಗೆ ಗುರಿ ತಪ್ಪಿ ಕೊಡಲಿಯ ಹಿಡಿ ತುಂಡಿನ ಅಂಚಿಗೆ ಬಡಿದು ಮುರಿಯಿತು. ಕೊಡಲಿಯ ತಲೆ ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಇದನ್ನು ನಾನು ನಿಮಗೆ ಅವತ್ತು ಹೇಳಿರಲಿಲ್ಲ. ಅವ್ವಾ, ಬೈಬೇಡ, ಏನೂ ಆಗಲಿಲ್ಲ.

ಒಡೆಯರು ಕಡಿಮೆ ಮಾತಿನವರು. ಬಂದು ನೋಡಿದರು. ಬೇರೆ ಕೊಡಲಿ ತಂದರು. ಆಮೇಲೆ ತುಂಡಿನ ಮುಖದ ಮೇಲೆ ಬೆರಳಿಟ್ಟು, ಕೂದಲೆಳೆಯಷ್ಟು ಸಣ್ಣ ಬಿರುಕೊಂದನ್ನು ನಡುವಿನಿಂದ ಅಂಚಿನವರೆಗೆ ತೋರಿಸಿದರು. ಆ ಗೆರೆಗೆ ನೀವು ಬಾಯಿ ಅಂತಿದ್ದಿರಿ. ಅಕ್ಕನ ಮದುವೆಯ ಅಡುಗೆಗೆ ಬೇವಿನ ಬೊಡ್ಡೆ ಸೀಳಿದಿರಲ್ಲ, ಆಗ ನಾನು ಆರನೇ ಕ್ಲಾಸು. ‘ಕಟ್ಟಿಗಿ ಬಾಯಿ ಎಲ್ಲಿ ಬಿಟ್ಟೈತಿ ನೋಡು ತಮ್ಮಾ. ಅಲ್ಲೇ ಹಾಕು. ಸುಮ್ನ ನಡಾ ಮುರಕೋಬ್ಯಾಡ’ ಅಂದಿದ್ದಿರಿ. ಕೊಡಲಿ ಮಾತ್ರ ನನ್ನ ಕೈಗೆ ಕೊಟ್ಟಿರಲಿಲ್ಲ. ಮಾತು ಕಿವಿಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಕೊಡಲಿಯಲ್ಲೂ ಎರಡು ತರ ಅಂತ ನನಗೆ ತಿಳಿದದ್ದು ಇಲ್ಲೇ. ನಮ್ಮ ಮನೆಯ ಕೊಡಲಿ ಬಾಯಿ ತೆಳು. ಅದು ಜಾಲಿ ಕೊಂಬೆ ಅಡ್ಡ ಕಡಿಯಲಿಕ್ಕೆ ಆದದ್ದು, ಎಳೆಯನ್ನು ಕತ್ತರಿಸುತ್ತದೆ. ಸೀಳುವ ಕೊಡಲಿಯ ಕೆನ್ನೆ ಉಬ್ಬಿರುತ್ತದೆ, ನಮ್ಮ ಬೆಣೆಯ ಹಾಗೆ. ಅದು ಎಳೆಯನ್ನು ಕತ್ತರಿಸುವುದಿಲ್ಲ, ಎರಡು ಕಡೆಗೆ ದೂಡುತ್ತದೆ. ತೆಳು ಬಾಯಿಯ ಕೊಡಲಿಯಿಂದ ಬೊಡ್ಡೆ ಸೀಳಲು ಹೋದರೆ ಅದು ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಕೀಳುವಾಗ ಭುಜ ಹೋಗುತ್ತದೆ. ನಿಮ್ಮ ಭುಜ ಹೋದದ್ದು ಹಾಗೆಯೇ ಅಂತ ನನಗೆ ಈಗ ಅನ್ನಿಸುತ್ತದೆ.

ದೊಡ್ಡ ತುಂಡನ್ನು ನಡುವೆ ಹೊಡೆಯುವುದೇ ಇಲ್ಲ. ಅಂಚಿನಿಂದ ನಾಲ್ಕು ಬೆರಳು ಒಳಗೆ, ಅಂಚಿಗೆ ಸರಿಸಮವಾಗಿ ಹೊಡೆದರೆ ಒಂದು ಹಲಗೆಯಂಥ ಸೀಳು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಸುತ್ತ ತಿರುಗುತ್ತಾ ಹೀಗೇ ತೆಗೆಯುತ್ತಾ ಹೋಗಬೇಕು. ರೊಟ್ಟಿಯನ್ನು ನಾವು ಅಂಚಿನಿಂದಲೇ ಮುರಿಯುತ್ತೇವಲ್ಲ, ಹಾಗೆ. ಕೊನೆಗೆ ತಿರುಳಿನ ಭಾಗ ಉಳಿಯುತ್ತದೆ. ಅಷ್ಟೊತ್ತಿಗೆ ಅದು ಸಣ್ಣದಾಗಿರುವುದರಿಂದ ಎರಡು ಏಟಿಗೆ ಒಡೆಯುತ್ತದೆ. ಗಂಟು ಇದ್ದ ಕಡೆ ಹೊಡೆಯುವುದೇ ಬೇಡ, ಗಂಟನ್ನು ಒಂದು ಸೀಳಿನಲ್ಲಿ ಪೂರ್ತಿ ಬಿಟ್ಟುಬಿಡುವುದು. ಕೆಳಗೆ ಒಂದು ಗಟ್ಟಿ ಕೊರಡು ಇರಬೇಕು, ಮೊಣಕಾಲಿಗಿಂತ ಎತ್ತರ ಬೇಡ. ಗುರಿ ತಪ್ಪಿದರೂ ಕೊಡಲಿ ಹೆಚ್ಚಾಗಿ ಕೊರಡಿಗೆ ಹೋಗುತ್ತದೆ, ಕಾಲಿಗೆ ಬರುವುದು ಕಡಿಮೆ. ಕೊರಡಿನ ಮೇಲೆ ಹಳೇ ಟೈರು ಕಟ್ಟಿ ಅದರೊಳಗೆ ತುಂಡು ನಿಲ್ಲಿಸಿದರೆ ಸೀಳುಗಳು ಚೆಲ್ಲಾಪಿಲ್ಲಿ ಬೀಳುವುದಿಲ್ಲ, ಪ್ರತಿ ಸಲ ಬಗ್ಗಿ ಎತ್ತಿಡುವ ಕೆಲಸ ಇಲ್ಲ. ನಮ್ಮ ತಗಡಿನ ಮೇಲೆ ಗಾಳಿಗೆ ಹಾರದಂತೆ ಇಟ್ಟಿರುವ ಬೈಕಿನ ಟೈರು ಸಣ್ಣ ತುಂಡುಗಳಿಗೆ ಸಾಕು.

ಚಳಿಗಾಲದಲ್ಲಿ ಇನ್ನೊಂದು ಆಶ್ಚರ್ಯ ನೋಡಿದೆ. ಮರದೊಳಗಿನ ನೀರು ಹೆಪ್ಪುಗಟ್ಟಿದಾಗ ಮರ ಗಾಜಿನ ಹಾಗೆ ಆಗುತ್ತದೆ. ಒಂದೇ ಏಟಿಗೆ ಟಕ್ ಅಂತ ಎರಡು ಹೋಳು. ಜನವರಿಯಲ್ಲಿ ಒಂದು ಬೆಳಿಗ್ಗೆ ಸೀಳಿದಷ್ಟು ಕಟ್ಟಿಗೆಯನ್ನು ಅಕ್ಟೋಬರಿನಲ್ಲಿ ಎರಡು ದಿನಕ್ಕೂ ಸೀಳಿರಲಿಲ್ಲ.

ಇಷ್ಟೆಲ್ಲ ಬರೆದದ್ದು ಹುಣಸೆಯ ಮಾತಿಗೆ ಬರಲಿಕ್ಕೆ. ಅಪ್ಪಾ, ಬರ್ಚಿನ ಎಳೆ ನೇರ. ಹುಣಸೆಯ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಸೀಳು ಒಂದು ಗೇಣು ಹೋಗಿ ಅಡ್ಡ ತಿರುಗುತ್ತದೆ. ಕುಷ್ಟಗಿ ಸಂತೆಯಲ್ಲಿ ಮಟನ್ ಅಂಗಡಿಯವರು ಕೊರಡು ಇಟ್ಟುಕೊಂಡಿರುತ್ತಾರಲ್ಲ, ಅದು ಹುಣಸೆಯದು. ದಿನಾ ಮಚ್ಚಿನ ಏಟು ತಿಂದರೂ ವರ್ಷಗಟ್ಟಲೆ ಬಿರಿಯುವುದಿಲ್ಲ ಅಂತಲೇ ಅವರು ಹುಣಸೆಯನ್ನು ಹುಡುಕುತ್ತಾರೆ. ಗಾಣಕ್ಕೂ ಹಿಂದೆ ಹುಣಸೆಯನ್ನೇ ಬಳಸುತ್ತಿದ್ದರು. ಸೀಳಬಾರದು ಅಂತ ಜನ ಆರಿಸಿಕೊಂಡ ಮರವನ್ನು ನೀವು ಅರವತ್ತಾರನೇ ವಯಸ್ಸಿನಲ್ಲಿ, ನೋಯುವ ಭುಜದಲ್ಲಿ, ತೆಳು ಕೊಡಲಿ ಹಿಡಿದು ಸೀಳಲು ಹೊರಟಿದ್ದೀರಿ. ದಯವಿಟ್ಟು ಬೇಡ.

ನನ್ನ ಮಾತು ಇಷ್ಟು. ಮರ ಕೊಯ್ಯುವ ಮಷೀನಿನವರನ್ನು ಒಂದು ದಿನಕ್ಕೆ ಕರೆಸಿ. ದುಡ್ಡು ತಮ್ಮನ ಅಕೌಂಟಿಗೆ ಹಾಕಿದ್ದೇನೆ. ಬೊಡ್ಡೆಯನ್ನು ಅಡ್ಡ ಕೊಯ್ದು ಕೊರಡಿನ ಅಳತೆಗೆ ತುಂಡು ಮಾಡಿಸಿ. ಕೊಯ್ದ ಎರಡೂ ಮುಖಕ್ಕೆ ಅವತ್ತೇ ಸೆಗಣಿ ದಪ್ಪಗೆ ಮೆತ್ತಿ, ನೆರಳಿನಲ್ಲಿ ಇಡಿ. ನಮ್ಮ ಬಿಸಿಲಿಗೆ ಬಿಟ್ಟರೆ ಮುಖ ಬೇಗ ಒಣಗಿ, ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಸೆಗಣಿ ಮೆತ್ತಿದರೆ ನಿಧಾನ ಒಣಗುತ್ತದೆ. ಕೊರಡಿಗೆ ಅಂಗಡಿಯವರು ಕಟ್ಟಿಗೆಗಿಂತ ಒಳ್ಳೆಯ ಬೆಲೆ ಕೊಡುತ್ತಾರೆ. ಬೆಲೆಗಿಂತ ದೊಡ್ಡದು, ಅಜ್ಜನ ಮರ ಹತ್ತಿಪ್ಪತ್ತು ವರ್ಷ ಇನ್ನೂ ಕೆಲಸಕ್ಕೆ ಬರುತ್ತದೆ. ಬೂದಿ ಆಗುವುದಿಲ್ಲ.

ಕೊಂಬೆಗಳನ್ನು ಮಾತ್ರ ಕಟ್ಟಿಗೆ ಮಾಡಿ, ಹಸಿ ಇದ್ದಾಗಲೇ. ಹುಣಸೆ ಒಣಗಿದಷ್ಟೂ ಕಬ್ಬಿಣ ಆಗುತ್ತದೆ. ತೋಳಿಗಿಂತ ದಪ್ಪ ಇರುವುದನ್ನು ತಮ್ಮ ಸೀಳಲಿ. ಅಟ್ಟದ ಮೇಲೆ ಅಜ್ಜನ ಎರಡು ಕಬ್ಬಿಣದ ಬೆಣೆ ಇವೆಯಲ್ಲ, ಅವನ್ನು ಇಳಿಸಿ. ಅವುಗಳ ತಲೆ ಏಟು ತಿಂದು ಅಣಬೆಯ ಹಾಗೆ ಅರಳಿದೆ, ನನಗೆ ನೆನಪಿದೆ. ಮೊದಲು ಕಮ್ಮಾರರ ಹತ್ತಿರ ಆ ಅರಳಿದ ಅಂಚು ಉಜ್ಜಿಸಿ. ಇಲ್ಲದಿದ್ದರೆ ಸುತ್ತಿಗೆ ಏಟಿಗೆ ಚೂರು ಸಿಡಿದು ಕಣ್ಣಿಗೆ ಬಡಿಯುತ್ತದೆ. ತಮ್ಮ ಬೈಕಿಗೆ ಹಾಕುವ ಕನ್ನಡಕವನ್ನಾದರೂ ಹಾಕಿಕೊಳ್ಳಲಿ. ಕೊಡಲಿಯ ಹಿಂಬದಿಯಿಂದ ಬೆಣೆ ಹೊಡೆಯಬೇಡಿ ಅಂತ ಹೇಳಿ ಅವನಿಗೆ. ಹಿಡಿ ಕೂರುವ ತೂತು ಅಗಲವಾಗಿ ತಲೆ ಕಳಚುತ್ತದೆ. ದೊಡ್ಡ ಸುತ್ತಿಗೆಯಲ್ಲೇ ಹೊಡೆಯಬೇಕು. ಒಂದು ಬೆಣೆ ಇಳಿದು ಸೀಳು ಬಾಯಿ ಬಿಟ್ಟಮೇಲೆ ಇನ್ನೊಂದನ್ನು ಮುಂದೆ ಇಟ್ಟರೆ, ಹಿಂದಿನದು ತಾನೇ ಸಡಿಲಾಗಿ ಈಚೆ ಬರುತ್ತದೆ.

ಅವ್ವಾ, ಇನ್ನು ನಿನ್ನ ಮಾತು. ಗ್ಯಾಸ್ ಇದ್ದರೂ ನೀನು ರೊಟ್ಟಿಗೆ ಒಲೆ ಬಿಡುವುದಿಲ್ಲ, ನನಗೂ ಒಲೆಯ ರೊಟ್ಟಿಯೇ ಬೇಕು, ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಆದರೆ ನಿನ್ನ ಕೆಮ್ಮು ಫೋನಿನಲ್ಲೂ ಕೇಳಿಸುತ್ತದೆ. ಮಳೆಗಾಲದಲ್ಲಿ ನಾವು ಹೊರಗೆ ಬಿದ್ದ ಹಸಿ ಕಟ್ಟಿಗೆಯನ್ನೇ ತಂದು ತುರುಕುತ್ತೇವೆ. ಅದರ ಕಾವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಸರಿಯಾಗಿ ಉರಿಯದೆ ಉಳಿದದ್ದು ಹೊಗೆಯಾಗಿ ನಿನ್ನ ಎದೆಗೆ ಹೋಗುತ್ತದೆ. ಇಲ್ಲಿ ನೂರು ಕಿಲೋ ಕಟ್ಟಿಗೆಯಲ್ಲಿ ನೀರು 20 ಕಿಲೋಗಿಂತ ಕಡಿಮೆ ಆಗುವವರೆಗೆ ಒಲೆಗೆ ಹಾಕುವುದೇ ಇಲ್ಲ. ಅಷ್ಟು ಒಣಗಿದ ಒಂದು ಕಿಲೋ ಕಟ್ಟಿಗೆ ಸುಮಾರು 4 ಯುನಿಟ್ ಕರೆಂಟಿನಷ್ಟು ಕಾವು ಕೊಡುತ್ತದೆ. ಬರ್ಚ್ ಆಗಲಿ, ಬೇವು ಆಗಲಿ, ಕಿಲೋ ಲೆಕ್ಕದಲ್ಲಿ ಹೆಚ್ಚು ಫರಕು ಇಲ್ಲ. ಫರಕು ಇರುವುದು ಒಣಗಿಸುವುದರಲ್ಲಿ. ಇವರಿಗೆ ಅದಕ್ಕೆ ಒಂದು ಪೂರ್ತಿ ಬೇಸಿಗೆ ಬೇಕು, ಆ ಬೇಸಿಗೆಯೂ ನಮ್ಮ ಕಾರ್ತಿಕದಂಥದ್ದು. ನಮಗೆ ದೇವರು ಏಪ್ರಿಲ್, ಮೇ ಎರಡೂ ತಿಂಗಳು 40 ಡಿಗ್ರಿ ಬಿಸಿಲು ಕೊಟ್ಟಿದ್ದಾನೆ. ಅದನ್ನು ನಾವು ಬಳಸಿಕೊಳ್ಳುತ್ತಲೇ ಇಲ್ಲ, ಅಲ್ವಾ?

ಸೀಳಿದ ಕಟ್ಟಿಗೆಯನ್ನು ನೆಲಕ್ಕೆ ತಾಗಿಸಬೇಡಿ. ಕೆಳಗೆ ಎರಡು ಸಾಲು ಕಲ್ಲು ಇಟ್ಟು ಅದರ ಮೇಲೆ ಒಟ್ಟಿ, ನಡುವೆ ಗಾಳಿ ಆಡುವ ಹಾಗೆ. ಮುಂಗಾರು ಬರುವ ಮುಂಚೆ ಮೇಲ್ಭಾಗಕ್ಕೆ ಮಾತ್ರ ತಗಡು ಹಾಕಿ. ಸುತ್ತಲೂ ತಾಡಪಾಲು ಸುತ್ತಬೇಡಿ, ಒಳಗೇ ಬೆವರಿ ಬೂಸಲು ಬರುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಎರಡು ಸೀಳು ತೆಗೆದುಕೊಂಡು ಒಂದಕ್ಕೊಂದು ಬಡಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇನ್ನೂ ನೀರಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಊರವರೆಲ್ಲ ರೊಟ್ಟಿ ಮಾಡಿ ಕಳಿಸುತ್ತೀರಲ್ಲ, ಆ ಹೊತ್ತಿಗೆ ಈ ಕಟ್ಟಿಗೆ ಚೆನ್ನಾಗಿ ಒಣಗಿರುತ್ತದೆ. ಹತ್ತಿಕಟ್ಟಿಗೆಯ ಜೊತೆ ಒಂದೊಂದು ಸೀಳು ಹಾಕಿ ನೋಡು. ಉರಿ ನಿಧಾನ ನಿಲ್ಲುತ್ತದೆ, ನೀನು ಪದೇಪದೇ ಬಗ್ಗಿ ಊದುವುದು ತಪ್ಪುತ್ತದೆ.

ನನ್ನ ಬಗ್ಗೆ ಹೆದರಬೇಡ. ಇಲ್ಲಿ ಒಲೆಯ ಹೊಗೆಗೂಡಿಗೆ ಒಂದು ಮುಚ್ಚಳ ಇರುತ್ತದೆ. ಕೆಂಡ ಪೂರ್ತಿ ಆರುವ ಮುಂಚೆ ಅದನ್ನು ಮುಚ್ಚಿದರೆ ವಾಸನೆ ಇಲ್ಲದ ವಿಷಗಾಳಿ ಮನೆ ತುಂಬುತ್ತದೆ. ಅದನ್ನು ಒಡೆಯರು ಮೊದಲ ದಿನವೇ ಮೂರು ಸಲ ಹೇಳಿದ್ದಾರೆ. ಕೂಗುವ ಯಂತ್ರವೂ ಗೋಡೆಗಿದೆ. ನೀವೂ ಚಳಿಗಾಲದಲ್ಲಿ ಕೆಂಡದ ಬುಟ್ಟಿ ಒಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ.

ಒಡೆಯರಿಗೆ ಬಳ್ಳಾರಿ ಜಾಲಿಯ ಕಥೆ ಹೇಳಿದೆ. ಎಲ್ಲೋ ಅಮೆರಿಕದ ಕಡೆಯ ಗಿಡ, 1870ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದು, ಈಗ ನಮ್ಮ ಕಡೆಯ ಬಳ್ಳಾರಿಯ ಹೆಸರನ್ನೇ ಇಟ್ಟುಕೊಂಡು ಹೊಲದ ಬದುವೆಲ್ಲ ತುಂಬಿದೆ ಅಂತ. ಮುಳ್ಳು ಚಪ್ಪಲಿ ತೂರಿ ಪಾದಕ್ಕೆ ನೆಡುತ್ತದೆ ಅಂದಾಗ ಮುಖ ಸಣ್ಣಗೆ ಮಾಡಿದರು. ಕೆಂಡ ಮಾತ್ರ ಅಷ್ಟು ಗಟ್ಟಿ ಯಾವ ಮರದ್ದೂ ಇಲ್ಲ ಅಂದಾಗ ಒಂದು ತುಂಡು ತಂದು ತೋರಿಸು ಅಂದರು. ನಾನು ಊರಿಗೆ ಬರುವ ಹೊತ್ತಿಗೆ ಒಂದು ಗೇಣು ತುಂಡು ತೆಗೆದಿಡಿ, ತರಲು ಬಿಟ್ಟರೆ ತರುತ್ತೇನೆ.

ಜನವರಿಯಲ್ಲಿ ಜಾತ್ರೆಗೆ ರಜೆ ಕೇಳಿದ್ದೇನೆ, ಸಿಗುವ ಹಾಗಿದೆ. ಬುಡದ ಕಡೆಯ ಒಂದು ಕೊರಡನ್ನು ಮಾರಬೇಡಿ. ಮೊಣಕಾಲೆತ್ತರಕ್ಕೆ ಕೊಯ್ಯಿಸಿ ದನದ ಕೊಟ್ಟಿಗೆಯ ನೆರಳಲ್ಲಿ ಇಡಿ, ಸೆಗಣಿ ಮೆತ್ತುವುದು ಮರೆಯಬೇಡಿ. ಇನ್ನೊಂದು ಬೇವಿನ ಬೊಡ್ಡೆ ಹಿತ್ತಲಲ್ಲಿ ಬಿದ್ದಿದೆ ಅಂತ ತಮ್ಮ ಹೇಳಿದ. ಅದನ್ನು ಈ ಕೊರಡಿನ ಮೇಲಿಟ್ಟು ನಾನು ಸೀಳುತ್ತೇನೆ. ನೀವು ಕಟ್ಟೆಯ ಮೇಲೆ ಕೂತು ಬಾಯಿ ಎಲ್ಲಿದೆ ಅಂತ ಹೇಳಿ ಸಾಕು.

ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳಿ. ಮಷೀನಿನವರು ಯಾವತ್ತು ಬರುತ್ತಾರೆ ಅಂತ ತಮ್ಮನ ಕೈಯಲ್ಲಿ ಹೇಳಿಸಿ.

ನಿಮ್ಮ ಮಗ