ಸಂದರ್ಶನದ ಮೊದಲ ಸುತ್ತಾದರೂ ಶಿವಮೊಗ್ಗದಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಬಿ.ಕಾಂ. ಮುಗಿಸಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ವಾಪಸ್ ಬಂದು ಒಂದೂವರೆ ವರ್ಷವಾಯಿತು. ಕಾಲೇಜಿಗೆ ಹೋಗುವಾಗೆಲ್ಲ ಬೆಳಗಿನ ಬಸ್ಸು ತಪ್ಪಿದರೆ ಗಾಬರಿ. ಈಗ ಅದೇ ಬಸ್ಸು ಹೋಗುವುದನ್ನು ಕಾಫಿ ಲೋಟ ಹಿಡಿದು ಜಗುಲಿಯಿಂದ ನೋಡುತ್ತೇನೆ. ಮದುವೆ ಮನೆಗೆ ಹೋದರೆ ಪಾಯಸಕ್ಕಿಂತ ಮೊದಲು 'ಮುಂದೆ ಎಂತ ಮಾರಾಯ?' ಬಡಿಸುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ಕೆಲಸಕ್ಕೆ ಆನ್‌ಲೈನ್ ಪರೀಕ್ಷೆ ಇತ್ತು. ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿ, ಕೊಡೆ ಕೆಳಗೆ ಲ್ಯಾಪ್‌ಟಾಪ್ ತೆರೆದು ಕೂತೆ. 14ನೇ ಪ್ರಶ್ನೆಗೆ ಬರುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿತ್ತು. ಅದನ್ನು ಕಿತ್ತು ಹಾಕುವುದರೊಳಗೆ ಸಿಗ್ನಲ್ ಹೋಯಿತು. ಕೆಲಸವೂ ಹೋಯಿತು.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಸುಮ್ನೆ ಹೇಳಬಾರದು, ಉಪಕಾರವಾಗಿದೆ. ಆದರೆ ಹತ್ತು ನಿಮಿಷದ ಸಂದರ್ಶನಕ್ಕೆ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೆ ಅದರಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ. ಕಂಪನಿಗಳು ಮೊದಲ ಸುತ್ತನ್ನಾದರೂ ಶಿವಮೊಗ್ಗದಲ್ಲಿ ಇಡಬಹುದು ಅಲ್ವಾ? ಇನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪರೀಕ್ಷೆ ಬರೆಯಲು ಒಂದು ಮೇಜು, ನಡುವೆ ಕೈಕೊಡದ ಇಂಟರ್‌ನೆಟ್ ಕೊಟ್ಟರೂ ಸಾಕು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು