ಮುದಿ ಎತ್ತಿನ ಲೆಕ್ಕ ಸದನದಲ್ಲಿ ಕೇಳಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದಲ್ಲಿ ಡೇರಿಗೆ ಹಾಲು ಹಾಕುವವನು. ಕರ್ನಾಟಕದ ಗೋಹತ್ಯೆ ನಿಷೇಧ ಕಾಯ್ದೆಯಿಂದ ನಮ್ಮ ಮೇಲೆ ಬಿದ್ದಿರುವ ಖರ್ಚಿನ ಬಗ್ಗೆ ಈ ಪತ್ರ. ಸಂಕ್ರಾಂತಿಗೆ ರಾಸುಗಳಿಗೆ ಅರಿಶಿನ ಹಚ್ಚಿ ಕಿಚ್ಚು ಹಾಯಿಸುವ ಮನೆ ನಮ್ಮದು. ಹಾಗಾಗಿ ಗೋವಿನ ಮೇಲೆ ಭಕ್ತಿ ಇಲ್ಲದವನು ಬರೆದಿದ್ದಾನೆ ಅಂತ ಪತ್ರ ಬದಿಗಿಡಬೇಡಿ.

1964ರ ಹಳೇ ಕಾಯ್ದೆಯಲ್ಲೂ ಹಸು ಕಡಿಯುವಂತಿರಲಿಲ್ಲ. ಆದರೆ 12 ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಮಾರುವ ದಾರಿ ಇತ್ತು. 2020ರ ಕಾಯ್ದೆ ಆ ದಾರಿ ಮುಚ್ಚಿತು. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಬಿಡುವು. ಹಿಂದೆ ಆರು ತಿಂಗಳವರೆಗಿದ್ದ ಜೈಲು ಈಗ 3ರಿಂದ 7 ವರ್ಷ, ದಂಡ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ. ಈ ಭಯಕ್ಕೆ ಸಾಕೋಕೆ ಅಂತ ರಾಸು ಕೊಳ್ಳುವವರೂ ಗಾಡಿ ತರಲು ಹಿಂಜರಿಯುತ್ತಾರೆ.

ಎಚ್.ಎಫ್. (ಹೆಚ್ಚು ಹಾಲು ಕೊಡುವ ವಿದೇಶಿ ತಳಿ) ಹಸು ಗಂಡು ಕರು ಹಾಕಿದರೆ ಮನೆಯಲ್ಲಿ ಯಾರ ಮುಖದಲ್ಲೂ ನಗು ಇರಲ್ಲ. ಅದಕ್ಕೆ ಹಿಣಿಲಿಲ್ಲ, ನೊಗ ನಿಲ್ಲಲ್ಲ. ಬಿಸಿಲಿಗೆ ನಾಲ್ಕು ಸಾಲು ಉಳುವಷ್ಟರಲ್ಲಿ ಏದುಸಿರು. ಹಳೇ ಕಾಯ್ದೆಯಲ್ಲೂ ಕರುವಿಗೆ ಬಿಡುವಿರಲಿಲ್ಲ, ಒಪ್ಪಿದೆ. ಆದರೆ ಅದನ್ನು ಸಾಕುವ ಖರ್ಚು ಯಾರದು ಅಂತ ಹೊಸ ಕಾಯ್ದೆ ಬರೆಯುವಾಗಲಾದರೂ ಯೋಚಿಸಬೇಕಿತ್ತಲ್ವಾ? 2022ರ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ಹಸುವಿಗೆ ವರ್ಷಕ್ಕೆ 11 ಸಾವಿರ ರೂಪಾಯಿ ಅಂತ ಸರ್ಕಾರವೇ ಲೆಕ್ಕ ಹಾಕಿತು. ಅಲ್ಲಿ ದಾನಿಗಳು ಕೊಡುತ್ತಾರೆ. ನಮ್ಮ ಕೊಟ್ಟಿಗೆಗೆ ಯಾರು ಕೊಡುತ್ತಾರೆ?

ಜಾಸ್ತಿ ಬೇಜಾರಾಗಿದ್ದು ಇದು ಪಾಸಾದ ರೀತಿಗೆ. 2020ರ ಡಿಸೆಂಬರ್ 9ರಂದು ಗದ್ದಲದ ನಡುವೆ ವಿಧಾನಸಭೆಯಲ್ಲಿ ಮುಗಿಯಿತು. 2021ರ ಫೆಬ್ರವರಿಯಲ್ಲಿ ಪರಿಷತ್ತಿನಲ್ಲೂ ಗದ್ದಲ, ಧ್ವನಿಮತ. ರೈತರನ್ನು ಕರೆದು ಕೂರಿಸಿ ಕೇಳಲಿಲ್ಲ. ಆಮೇಲೆ ಸರ್ಕಾರ ಬದಲಾಯಿತು, ಕಾಯ್ದೆ ಹಾಗೇ ಇದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜಾನುವಾರು ಆಮದು-ರಫ್ತು ಮಸೂದೆಯ ಕರಡು ಹೊರಡಿಸಿ ಅಭಿಪ್ರಾಯ ಕೇಳಿತ್ತು. ಪ್ರಾಣಿಪ್ರಿಯರು ಜೋರಾಗಿ ವಿರೋಧಿಸಿದರು, ಅದೇ ತಿಂಗಳು ಕರಡು ವಾಪಸ್ ಹೋಯಿತು. ಅವರಿಗೆ ಸಿಕ್ಕ ಅವಕಾಶ ನಮಗೆ ಸಿಗಲಿಲ್ಲ.

ಹಾಗಂತ ನಾವು ಹೆದ್ದಾರಿ ತಡೆಯುವುದಿಲ್ಲ. ಬಸ್ಸಿಗೆ ಕಾಯುವ ಜನ ಬೈಯುತ್ತಾರೆ, ಸುಮ್ನೆ ಕೇಸು ಬೀಳುತ್ತದೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸುತ್ತೇವೆ, ಪ್ರತಿ ಪಡೆಯುತ್ತೇವೆ. ಡೇರಿಯ ಸರ್ವಸದಸ್ಯರ ಸಭೆಯಲ್ಲೂ ಅಷ್ಟೇ. ತಾಲ್ಲೂಕಿನ ಗೋಶಾಲೆಗಳಲ್ಲಿ ಎಷ್ಟು ರಾಸು ಹಿಡಿಯುತ್ತವೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. ಅದೆಲ್ಲ ಒಟ್ಟು ಮಾಡಿ ನಿಮ್ಮ ಕೈಗೆ ಕೊಡುತ್ತೇವೆ.

ಅಲ್ಲಿಂದ ಮುಂದೆ ನಿಮ್ಮ ಕೆಲಸ. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರಿಸುವ ಪ್ರಶ್ನೆ ಹಾಕಿ. ಮುದಿ ಎತ್ತು, ಗಂಡು ಕರುಗಳನ್ನು ಸರ್ಕಾರ ಕೊಳ್ಳುತ್ತದೋ, ಮೇವಿನ ಖರ್ಚು ಕೊಡುತ್ತದೋ, 1964ರ ಬಿಡುವು ವಾಪಸ್ ತರುತ್ತದೋ? ಮಂತ್ರಿಗಳು ಕೊಟ್ಟ ಉತ್ತರದ ಪ್ರತಿಯನ್ನು ನಮ್ಮ ಡೇರಿಯ ನೋಟಿಸ್ ಬೋರ್ಡಿಗೆ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಹಾಲು ಉತ್ಪಾದಕ