ಜೋಶಿ, ಭೀಮಸೇನರು ನಿನಗೇನಾಗಬೇಕು?

ಕೊಪ್ಪಳ

ದೋಸ್ತಾ,

ಹೇಗಿದ್ದೀಯೋ? ಬೆಂಗಳೂರಿನ ಆಫೀಸಿನಲ್ಲಿ ಯಾರು ಸಿಕ್ಕರೂ 'ಭೀಮಸೇನ ಜೋಶಿ ನಿಮಗೇನಾಗಬೇಕು?' ಅಂತ ಕೇಳ್ತಾರೆ ಅಂತ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ. ಏನೂ ಆಗಬೇಕಿಲ್ಲ ಅಂತ ನನಗೂ ಗೊತ್ತು. ಜ್ಯೋತಿಷಿ ಅನ್ನೋದೇ ಸವೆದು ಜೋಶಿ ಆಗಿದ್ದು. ಊರೂರಲ್ಲಿ ಪಂಚಾಂಗ ನೋಡುವವರಿಗೆಲ್ಲ ಅದೇ ಅಡ್ಡಹೆಸರು. ನಮ್ಮ ಕಡೆ ಕುಲಕರ್ಣಿ, ಪಾಟೀಲರ ಕತೆಯೂ ಇಷ್ಟೇ ಅಲ್ವಾ?

ಆದರೂ ಗದಗಿನ ಇಬ್ಬರು ಜೋಶಿಗಳು ನನ್ನ ತಲೆಯಿಂದ ಹೋಗ್ತಿಲ್ಲ. ಹಿಂದೂಸ್ತಾನಿ ಗಾಯಕ ಭೀಮಸೇನರು ಸಂಗೀತಕ್ಕೆ ಗುರು ಬೇಕು ಅಂತ ಹನ್ನೊಂದನೇ ವಯಸ್ಸಿಗೇ ಮನೆ ಬಿಟ್ಟು ಟಿಕೆಟ್ ಇಲ್ಲದೆ ರೈಲು ಹತ್ತಿದವರು. ಗ್ವಾಲಿಯರ್, ಜಲಂಧರ್ ಎಲ್ಲಾ ಸುತ್ತಿದರು. ಕೊನೆಗೆ ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ! ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗೆ.

ಇನ್ನೊಬ್ಬರು ಭಾರತ ತಂಡಕ್ಕೆ ಆಡಿದ ಸ್ಪಿನ್ ಬೌಲರ್ ಸುನಿಲ್ ಜೋಶಿ. ಹುಡುಗನಾಗಿದ್ದಾಗ ಬೆಳಗ್ಗೆ ಎದ್ದು ಕ್ರಿಕೆಟ್ ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಹೋಗಿ, ಶಾಲೆ ಹೊತ್ತಿಗೆ ಗದಗಕ್ಕೆ ವಾಪಸ್ ಬರ್ತಿದ್ದರಂತೆ. ನಾವೂ ಕೊಪ್ಪಳದಿಂದ ಗದಗ ದಾಟಿ ಹುಬ್ಬಳ್ಳಿಗೆ ಎಷ್ಟು ಸಲ ಹೋಗಿಲ್ಲ? ಸಿನಿಮಾ ನೋಡಿ ಬಂದೆವು, ಅಷ್ಟೇ.

ಗುಜರಾತಿ ಕವಿ ಉಮಾಶಂಕರ ಜೋಶಿ ನೆನಪಿದ್ದಾರಾ? 1967ರ ಜ್ಞಾನಪೀಠವನ್ನು ನಮ್ಮ ಕುವೆಂಪು ಜೊತೆ ಹಂಚಿಕೊಂಡವರು. ಶರದ್ ಜೋಶಿ ಅಂತೂ ಇಬ್ಬರಿದ್ದರು. ಒಬ್ಬರು ಹಿಂದಿಯಲ್ಲಿ ನಗಿಸುವ ಬರಹಗಾರ, ಇನ್ನೊಬ್ಬರು ಮಹಾರಾಷ್ಟ್ರದ ರೈತ ನಾಯಕ. ಒಬ್ಬರಿಗೆ ಬರೆದ ಕಾಗದ ಇನ್ನೊಬ್ಬರಿಗೆ ಹೋಗಿದ್ದರೆ ಮಜಾ ಇರ್ತಿತ್ತು.

ಹಾಂ, ಅಸಲು ಮಾತಿಗೆ ಬರ್ತೀನಿ. 1999ರಲ್ಲಿ ನೈರೋಬಿಯಲ್ಲಿ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದವರನ್ನು ಕಟ್ಟಿಹಾಕಿದರಲ್ಲ. 10 ಓವರ್, 6 ಮೇಡನ್, ಬರೀ 6 ರನ್, 5 ವಿಕೆಟ್. ಮರುದಿನ ಓಣಿಯಲ್ಲಿ 'ಅವರು ನಮ್ಮ ಕಾಕಾ' ಅಂತ ಸುಳ್ಳು ಬಿಟ್ಟವನು ಯಾರಪ್ಪಾ? ನಾವೆಲ್ಲ ನಂಬಿ, ಇದ್ದ ಚಿಲ್ಲರೆ ಕೂಡಿಸಿ ನಿನಗೆ ಮಂಡಕ್ಕಿ ಮಿರ್ಚಿ ತಿನ್ನಿಸಿದೆವು. ಈಗ ಜನ ತಾವಾಗೇ ಕೇಳಿದರೆ ನಿನಗೆ ಬೇಜಾರು!

ಗವಿಮಠದ ಜಾತ್ರೆಗೆ ಬಾ. ದಾಸೋಹದ ಮಿರ್ಚಿ ತೋರಿಸಿ ಸಾಲ ತೀರಿತು ಅನ್ನಬೇಡ. ಅಂಗಡಿಯದೇ ಕೊಡಿಸಬೇಕು, ಬಡ್ಡಿ ಸಮೇತ.

ನಿನ್ನ ದೋಸ್ತ